ನಡುಗಡ್ಡೆಗೆ ಟೆಂಟೋ, ಟಾರ್ಪಾಲೋ?

ಇಪ್ಪತ್ತು ವಿದ್ಯಾರ್ಥಿಗಳು, ಇಬ್ಬರು ಮೇಷ್ಟ್ರು, ಹಿನ್ನೀರಿನ ನಡುಗಡ್ಡೆಯಲ್ಲಿ ಒಂದು ರಾತ್ರಿ. ತುಮಕೂರು ಸೀಮೆಯ ನೆಲ, ಗಾಳಿ, ಮುಳ್ಳು ಮೂರನ್ನೂ ಲೆಕ್ಕಕ್ಕೆ ಹಿಡಿದು, ಎರಡೂ ಬಗೆ ಕಟ್ಟಿ ಮಲಗಿ ನೋಡಿದ ಮೇಲೆ ನಮ್ಮ ಓಟು ಟಾರ್ಪಾಲಿಗೆ. ಜೊತೆಗೆ ಎರಡೇ ಎರಡು ಟೆಂಟು ಇರಲಿ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಮೂವರ ಟೆಂಟು ಅಂತ ಮಾರುವುದರಲ್ಲಿ ಬ್ಯಾಗ್ ಸಮೇತ ಮಲಗುವುದು ಇಬ್ಬರೇ. 22 ಜನಕ್ಕೆ 11 ಟೆಂಟು, ಒಂದಕ್ಕೆ 3 ಕೆಜಿ ಅಂದರೂ 33 ಕೆಜಿ. 18×24 ಅಡಿಯ 150 ಜಿಎಸ್‌ಎಂ (ಚದರ ಮೀಟರಿಗೆ 150 ಗ್ರಾಂ) ಟಾರ್ಪಾಲು ಸುಮಾರು 6 ಕೆಜಿ. ಹುಡುಗರಿಗೊಂದು, ಹುಡುಗಿಯರಿಗೊಂದು ಅಂದರೆ 12 ಕೆಜಿ. ಸರ್ವೆ ಕಂಬ, ಹಗ್ಗ, ಗಡಾರಿ, ಸನಿಕೆ ಸೇರಿಸಿದರೆ ತೂಕ ಹೆಚ್ಚುಕಡಿಮೆ ಸಮವೇ. ಹಾಗಾಗಿ ತೂಕ ನೋಡಿ ಆರಿಸಬೇಡಿ, ನೆಲ ನೋಡಿ ಆರಿಸಿ.

ನಡುಗಡ್ಡೆಯ ನೆತ್ತಿ ಗರಸು, ಅಂಚು ಗೋಡು, ಅಂದರೆ ನೀರು ತಂದು ಹಾಕಿದ ಮೆತ್ತನೆ ಮಣ್ಣು. ಟೆಂಟಿನ ಜೊತೆ ಬರುವ ಪೆನ್ಸಿಲ್ ದಪ್ಪದ ಗೂಟ ಗರಸಿನಲ್ಲಿ ಬಾಗುತ್ತದೆ, ಗೋಡಿನಲ್ಲಿ ನೆಟ್ಟಷ್ಟೇ ಸುಲಭವಾಗಿ ಕಿತ್ತುಬರುತ್ತದೆ. ನೀರಿನ ಮೇಲೆ ಬೀಸಿ ಬರುವ ಗಾಳಿಗೆ ಅಡ್ಡಿಯೇ ಇಲ್ಲ. ಗೂಟ ಸಡಿಲವಾದ ಟೆಂಟು ಒಂದು ಪಕ್ಕಕ್ಕೆ ವಾಲಿ, ಫೈಬರ್ ಕಡ್ಡಿ ಜೋಡಣೆಯ ಹತ್ತಿರ ಸೀಳುತ್ತದೆ. ಸೀಳಿದ ಕಡೆ ಚಮಚದ ಹಿಡಿ ಇಟ್ಟು ಟೇಪು ಸುತ್ತಿದರೆ ಆ ರಾತ್ರಿ ಸಾಗುತ್ತದೆ, ಅಷ್ಟೇ.

ಟಾರ್ಪಾಲಿಗೆ ಗೂಟವೇ ಬೇಡ. ಖಾಲಿ ಗೊಬ್ಬರದ ಚೀಲಕ್ಕೆ ಮಣ್ಣು, ಕಲ್ಲು ತುಂಬಿ (25-30 ಕೆಜಿ) ಬಾಯಿ ಬಿಗಿದು, ಅದಕ್ಕೆ ಹಗ್ಗ ಕಟ್ಟಿ. ಒಂದು ಟಾರ್ಪಾಲಿಗೆ ಉದ್ದದ ಎರಡೂ ಪಕ್ಕ ನಾಲ್ಕು ನಾಲ್ಕು ಚೀಲ, ತುದಿಯ ಕಂಬಗಳ ಎಳೆಹಗ್ಗಕ್ಕೆ ಎರಡೆರಡು. 7 ಅಡಿಯ ಎರಡು ಕಂಬವನ್ನು 2 ಅಡಿ ಹೂತು, ನಡುವೆ ಹಗ್ಗ ಬಿಗಿದು, 24 ಅಡಿ ಉದ್ದಕ್ಕೆ ಟಾರ್ಪಾಲು ಹೊದಿಸಿ. ನೆತ್ತಿ 5 ಅಡಿ ಎತ್ತರ, ಕೆಳಗೆ ಸುಮಾರು 15 ಅಡಿ ಅಗಲ ಸಿಗುತ್ತದೆ. ತಲೆ ನಡುವಿಗೆ, ಕಾಲು ಅಂಚಿಗೆ ಮಾಡಿ ಎರಡು ಸಾಲು ಮಲಗಿದರೆ 18 ಜನಕ್ಕೆ ಜಾಗ.

ಕೆಡುವುದು ಒಂದೇ ಕಡೆ, ಅಂಚಿನ ರಿಂಗಿನಲ್ಲಿ. ಗಾಳಿ ಜಗ್ಗಿದಾಗ ಹಿತ್ತಾಳೆ ರಿಂಗು ಕಿತ್ತು, ಅಲ್ಲಿಂದಲೇ ಹರಿಯಲು ಶುರು. ರಿಂಗಿಗೆ ಕಟ್ಟುವ ಬದಲು, ಅಂಚಿನಿಂದ ಒಂದು ಗೇಣು ಒಳಗೆ ಟಾರ್ಪಾಲಿನ ಅಡಿಗೆ ನಿಂಬೆಹಣ್ಣಿನ ಗಾತ್ರದ ನುಣುಪು ಕಲ್ಲು ಇಟ್ಟು, ಮೇಲಿನಿಂದ ಮುಷ್ಟಿಯಲ್ಲಿ ಹಿಡಿದು, ಕಲ್ಲಿನ ಕುತ್ತಿಗೆಗೆ ಹಗ್ಗದ ಕುಣಿಕೆ ಬಿಗಿಯಿರಿ. ಎಳೆದಷ್ಟೂ ಕುಣಿಕೆ ಬಿಗಿಯಾಗುತ್ತದೆ, ತೂತು ಬೀಳುವ ಮಾತೇ ಇಲ್ಲ. ಪ್ಲಾಸ್ಟಿಕ್ ಹಗ್ಗದ ಗಂಟು ಜಾರುತ್ತದೆ. ತೆಂಗಿನ ನಾರಿನ ಹಗ್ಗ ಕೈಗೆ ಒರಟು, ಆದರೆ ಗಂಟು ಕಚ್ಚಿ ಹಿಡಿಯುತ್ತದೆ. ಚಳಿಗಾಲದಲ್ಲಿ ಮೂಡಣ ಗಾಳಿಗೆ, ಆಷಾಢದಲ್ಲಿ ಪಡುವಣ ಗಾಳಿಗೆ ಬೆನ್ನು ಮಾಡಿ ಆ ಕಡೆಯ ಇಳಿಜಾರನ್ನು ನೆಲಕ್ಕೆ ಮುಟ್ಟಿಸಿ. ಎದುರು ಕಡೆ ಒಂದಡಿ ಎತ್ತರ ಬಿಡಿ.

ಟೆಂಟು ಗೆಲ್ಲುವುದು ಸೊಳ್ಳೆ, ಚೇಳಿನ ವಿಷಯದಲ್ಲಿ. ಜಿಪ್ಪು ಎಳೆದರೆ ಮುಗಿಯಿತು. ಟಾರ್ಪಾಲಿನಡಿ ನಡುಹಗ್ಗಕ್ಕೆ ಸೊಳ್ಳೆಪರದೆ ಇಳಿಬಿಟ್ಟು ಅಂಚನ್ನು ಚಾಪೆಯಡಿ ಸಿಕ್ಕಿಸುವ ಕೆಲಸ ಇದ್ದೇ ಇದೆ, ಬೆಳಿಗ್ಗೆ ಶೂ ಕೊಡವುವುದನ್ನು ಮರೆಯುವ ಹಾಗಿಲ್ಲ. ಬಟ್ಟೆ ಬದಲಿಸಲು, ಜ್ವರ ಬಂದವರನ್ನು ಮಲಗಿಸಲು ಮರೆಯೂ ಬೇಕು. ಆ ಎರಡು ಟೆಂಟು ಇದಕ್ಕೇ. ಆದರೆ ಜಿಪ್ಪು ಪೂರ್ತಿ ಮುಚ್ಚಿದ ಟೆಂಟಿನ ಒಳಮೈ ಡಿಸೆಂಬರ್ ಬೆಳಗಿನ ಜಾವ ಉಸಿರಿನ ತೇವಕ್ಕೇ ತೊಟ್ಟಿಕ್ಕುತ್ತದೆ. ಸೋರಿದೆ ಅಂತ ಟೆಂಟನ್ನು ಬೈಯುವುದು ಆಮೇಲೆ. ನೆತ್ತಿಯ ಕಿಂಡಿ ತೆರೆದಿಡಬೇಕು.

ಗಾಳಿ ತುಂಬುವ ಹಾಸಿಗೆ ಯಾರಾದರೂ ತಂದರೆ ನಗಬೇಡಿ, ದಡದಲ್ಲೇ ಬಿಟ್ಟುಬರಲು ಹೇಳಿ. ಬಳ್ಳಾರಿ ಜಾಲಿಯ ಒಣಮುಳ್ಳು ಗೋಡಿನಲ್ಲಿ ಹುದುಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಗುಡಿಸಿ, ಗೋಣಿಚೀಲ ಹಾಸಿ, ಅದರ ಮೇಲೆ ಚಾಪೆ.

ದಾಟುವುದಕ್ಕೆ ಹರಿಗೋಲೋ ಮೋಟಾರು ದೋಣಿಯೋ ಅನ್ನುವುದಕ್ಕೂ ಜಾಲಿಯೇ ಉತ್ತರ ಹೇಳುತ್ತದೆ. ಮುಳುಗಿದ ಜಾಲಿ ಬೊಡ್ಡೆ, ಮೀನಿನ ಬಲೆ ಇರುವಲ್ಲಿ ಮೋಟಾರಿನ ರೆಕ್ಕೆ ಸಿಕ್ಕಿಕೊಳ್ಳುತ್ತದೆ. ತಳ ಚಪ್ಪಟೆಯ ಹರಿಗೋಲು ಮೇಲೆಯೇ ತೇಲಿ ಹೋಗುತ್ತದೆ. ಆದರೆ ಗಾಳಿ ಎದ್ದರೆ ಹರಿಗೋಲು ಹೋದ ಕಡೆಯೇ ದಿಕ್ಕು. ಬೆಳಿಗ್ಗೆ ಹತ್ತರೊಳಗೆ ದಾಟಿಬಿಡಿ, ಒಂದು ಸರದಿಗೆ ಅಂಬಿಗನಲ್ಲದೆ ಐದು ಜನ, ಎಲ್ಲರಿಗೂ ಲೈಫ್ ಜಾಕೆಟ್. ಸಾಮಾನಿಗೆ ಬೇರೆ ಸರದಿ. ಜಲಾಶಯದ ಇಲಾಖೆಯ ಅನುಮತಿ ಪತ್ರ ಕೈಯಲ್ಲಿರಲಿ.

ಅಣೆಕಟ್ಟೆಯ ಕೆಳಗಿನ ಹೊಳೆಯ ದಿಬ್ಬ ಎಷ್ಟೇ ಚೆನ್ನಾಗಿ ಕಂಡರೂ ಬೇಡ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಶಿಂಷಾ ಹೊಳೆಯ ನೀರು ತುಂಬು ಮಟ್ಟ ಮುಟ್ಟಿದರೆ, ಯಾರೂ ಗೇಟು ಎತ್ತದೆ ಸೈಫನ್ (ನೀರನ್ನು ತಾನೇ ಎಳೆದು ಆಚೆ ಸುರಿಯುವ ಬಾಗಿದ ಕೊಳವೆ) ತಾನಾಗಿ ಹರಿಯತೊಡಗುತ್ತದೆ. ಮೇಲಿನ ಹಿನ್ನೀರಿನಲ್ಲೂ ಸೆಪ್ಟೆಂಬರ್, ಅಕ್ಟೋಬರ್ ಬಿಟ್ಟುಬಿಡಿ, ಈ ಕಡೆ ಮಳೆ ಜೋರು ಆಗಲೇ. ಸಂಜೆ ನೀರಿನಂಚಿಗೆ ಒಂದು ಕೋಲು ನೆಟ್ಟು, ಕಾವಲಿನವರು ಎರಡು ಗಂಟೆಗೊಮ್ಮೆ ನೋಡಲಿ.

ಒಲೆ: ಗ್ಯಾಸು. 5 ಕೆಜಿ ಸಿಲಿಂಡರು ಎರಡು ಹೊತ್ತಿಗೆ ಧಾರಾಳ. ಮೂರು ಕಲ್ಲಿನ ಒಲೆಗೆ ಕರಟ ಒಯ್ದರೂ, ಒಣಹುಲ್ಲಿನ ನಡುಗಡ್ಡೆಯಲ್ಲಿ ಕಿಡಿ ಹಾರಿದರೆ ಓಡಲು ಜಾಗವಿಲ್ಲ. ಗಾಳಿಗೆ ಕಲ್ಲು ಅಡ್ಡ ಇಡುವಾಗ ಬರ್ನರನ್ನಷ್ಟೇ ಮರೆಮಾಡಿ. ಸಿಲಿಂಡರನ್ನೂ ಒಳಗೆ ಸೇರಿಸಿದರೆ ಅದು ಕಾಯುತ್ತದೆ. ಮುದ್ದೆಯ ಆಸೆ ಮಾತ್ರ ಬಿಡಿ: ಇಪ್ಪತ್ತು ಜನದ ಹಿಟ್ಟು ತೊಳಸುವಾಗ ಆ ಪುಟ್ಟ ಸ್ಟೌವು ಕವೆಗೋಲಿಗೂ ಬಗ್ಗದೆ ಪಾತ್ರೆ ಸಮೇತ ಮಗುಚುತ್ತದೆ. ಚಿತ್ರಾನ್ನ, ಉಪ್ಪಿಟ್ಟು ಸಾಕು.

ಕುಡಿಯಲು, ಅಡುಗೆಗೆ ತಲೆಗೆ 6 ಲೀಟರು, 20 ಲೀಟರಿನ 7 ಕ್ಯಾನು. ಅಲ್ಲಿಯ ನೀರನ್ನೇ ಕಾಯಿಸೋಣ ಅನ್ನುವವರಿಗೆ: ನೀಲಿಹಸಿರು ಪಾಚಿ ಬಿಟ್ಟ ವಿಷ ಕುದಿಸಿದರೆ ಹೋಗುವುದಿಲ್ಲ, ಕಲಕು ನೀರಿನಲ್ಲಿ ಕ್ಲೋರಿನ್ ಮಾತ್ರೆಯೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಖಾಲಿಯಾದ ಕ್ಯಾನುಗಳ ಮುಚ್ಚಳ ಬಿಗಿದು, ವಾಪಸು ದಾಟುವಾಗ ಹರಿಗೋಲಿಗೊಂದರಂತೆ ಹಗ್ಗ ಕಟ್ಟಿ ಇಡಿ. ಯಾರಾದರೂ ನೀರಿಗೆ ಬಿದ್ದರೆ ಮೊದಲು ಎಸೆಯುವುದು ಅದನ್ನೇ.