ಟಿವಿ ಬಾಕ್ಸಿಂಗ್ ಕಾಮೆಂಟರಿ: ದನಿ ತೆಗೆದರೆ ಉಳಿಯುವುದೆಷ್ಟು?

ಅಮೆರಿಕದ ಟಿವಿ ಚಾನೆಲ್ ಎಚ್‌ಬಿಒ 2018ರ ಡಿಸೆಂಬರ್‌ನಲ್ಲಿ ಬಾಕ್ಸಿಂಗ್ ಪ್ರಸಾರ ನಿಲ್ಲಿಸಿತು. 2023 ಮುಗಿಯುವ ಹೊತ್ತಿಗೆ ಅಲ್ಲಿಯದೇ ಇನ್ನೊಂದು ಚಾನೆಲ್ ಶೋಟೈಮ್ ಕೂಡ ಅದೇ ದಾರಿ ಹಿಡಿಯಿತು. ಈಗ ದೊಡ್ಡ ಪಂದ್ಯಗಳು ಬಹುಪಾಲು ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿವೆ. ಚಿತ್ರ ಚೆನ್ನಾಗಿದೆ, ನಿಧಾನಗತಿಯ ರೀಪ್ಲೇಗೆ ಕೊರತೆಯಿಲ್ಲ. ಆದರೆ ಚಂದಾ ಕಟ್ಟುವವರು ಚಿತ್ರದ ಜತೆಗೆ ಮೂರು ನಾಲ್ಕು ಜನರ ದನಿಯನ್ನೂ ಕೊಳ್ಳುತ್ತಾರೆ. ಅದರ ಗುಣಮಟ್ಟ ವಿಚಾರಿಸುವವರು ಕಡಿಮೆ. ಹಳೆಯ ಪ್ರಸಾರಗಳನ್ನೂ ಈಗಿನವನ್ನೂ ಬಹುಕಾಲದಿಂದ ನೋಡುತ್ತ ಬಂದವರಿಗೆ ವ್ಯತ್ಯಾಸ ಕಿವಿಗೆ ಬೀಳದೆ ಇರದು. ಈ ವಿಮರ್ಶೆ ಆ ದನಿಗಳದ್ದು ಮಾತ್ರ, ಆ್ಯಪ್‌ಗಳದ್ದಲ್ಲ.

ನನ್ನ ಅಳತೆಗೋಲು ಒಂದೇ. ಕಾಮೆಂಟರಿ ಕೇಳಿದ ಮೇಲೆ ರಿಂಗ್‌ನಲ್ಲಿ ನಡೆದದ್ದು ಇನ್ನಷ್ಟು ಕಾಣಿಸಬೇಕು, ಕಣ್ಣಿಗೆ ಕಂಡದ್ದನ್ನೇ ಅದು ಮರೆಸಬಾರದು.

ಇದನ್ನು ಪರೀಕ್ಷಿಸುವುದು ಸುಲಭ. ಪೈಪೋಟಿ ಬಿಗಿಯಾಗಿದ್ದ ಪಂದ್ಯವೊಂದನ್ನು ಆರಿಸಿಕೊಂಡು ದನಿ ಪೂರ್ತಿ ತೆಗೆದು ನೋಡಿ. ಪ್ರತಿ ರೌಂಡ್ ಮುಗಿದೊಡನೆ, ನಡುವಿನ 60 ಸೆಕೆಂಡುಗಳಲ್ಲೇ, 10-9 (ರೌಂಡ್ ಗೆದ್ದವರಿಗೆ 10, ಸೋತವರಿಗೆ 9) ಯಾರಿಗೆ ಅಂತ ಬರೆದುಬಿಡಿ. ಪಕ್ಕದಲ್ಲಿ ಕಾರಣವನ್ನು ಎರಡೇ ಪದದಲ್ಲಿ ಹಾಕಿ: ಜ್ಯಾಬ್ (ಮುಂದಿನ ಕೈಯ ನೇರ ಚುರುಕು ಪೆಟ್ಟು), ಹೊಟ್ಟೆ ಪೆಟ್ಟು, ಕೊನೆಯ ಅಬ್ಬರ, ಹೀಗೆ. ಪಂದ್ಯ ಮುಗಿದ ಮೇಲೆ ಕೂತು ಬರೆದರೆ ಪರೀಕ್ಷೆ ಕೆಟ್ಟಿತು, ಏಕೆಂದರೆ 12ನೇ ರೌಂಡಿನ ನೆನಪು 3ನೇ ರೌಂಡಿನ ಅಂಕವನ್ನು ತಿದ್ದುತ್ತದೆ. ಮರುದಿನ ಅದೇ ಪಂದ್ಯವನ್ನು ದನಿಯೊಂದಿಗೆ ನೋಡಿ ಮತ್ತೆ ಅಂಕ ಹಾಕಿ. ಎರಡು ಪಟ್ಟಿಗಳಲ್ಲಿ ಅಂಕ ತಿರುಗಿಬಿದ್ದ ರೌಂಡುಗಳಿಗೆ ಹಿಂತಿರುಗಿ. ನೀವು ಗಮನಿಸದೆ ಬಿಟ್ಟ ಪೆಟ್ಟನ್ನು ಕಾಮೆಂಟೇಟರ್ ತೋರಿಸಿಕೊಟ್ಟರೋ, ಬರೀ ಗಂಟಲು ಏರಿಸಿದರೋ ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ಇದಕ್ಕೆ 1987ರ ಏಪ್ರಿಲ್ 6ರ ಲೆನರ್ಡ್–ಹ್ಯಾಗ್ಲರ್ ಪಂದ್ಯಕ್ಕಿಂತ ಒಳ್ಳೆಯ ಸರಕು ಸಿಗಲಾರದು. ಒಬ್ಬ ಜಡ್ಜ್ ಲೆನರ್ಡ್‌ಗೆ 118-110 ಕೊಟ್ಟರು, ಇನ್ನೊಬ್ಬರು 115-113 ಕೊಟ್ಟರು, ಮೂರನೆಯವರು ಅದೇ 115-113ನ್ನು ಹ್ಯಾಗ್ಲರ್‌ಗೆ ಕೊಟ್ಟರು. ವಾದ ಇಂದಿಗೂ ನಿಂತಿಲ್ಲ. ಸೌತ್‌ಪಾ (ಎಡಗೈ ಬಾಕ್ಸರ್) ಆಗಿದ್ದ ಹ್ಯಾಗ್ಲರ್ ಮೊದಲ ರೌಂಡುಗಳನ್ನು ಬಲಗೈ ಬಾಕ್ಸರ್‌ಗಳ ನಿಲುವಿನಲ್ಲಿ ಆಡಿ ಕಳೆದುಕೊಂಡರು. ಲೆನರ್ಡ್ ಪ್ರತಿ ರೌಂಡಿನ ಕೊನೆಯ 30 ಸೆಕೆಂಡಿಗೆ ಪೆಟ್ಟುಗಳ ಸುರಿಮಳೆ ಉಳಿಸಿಕೊಳ್ಳುತ್ತಿದ್ದರು. ಆ ಸುರಿಮಳೆಗೆ ಜನ ಎದ್ದು ಕೂಗುತ್ತಾರೆ, ಕಾಮೆಂಟೇಟರ್ ಕೂಡ ಜತೆಗೂಡಿದರೆ ಅದಕ್ಕೆ ಮುಂಚಿನ ಎರಡೂವರೆ ನಿಮಿಷದ ಕೆಲಸ ಲೆಕ್ಕಕ್ಕೇ ಬರುವುದಿಲ್ಲ. ಆ ಪೆಟ್ಟುಗಳಲ್ಲಿ ಎಷ್ಟು ಗ್ಲೌಸಿನ ಮೇಲೆ ಬಿದ್ದವು, ಎಷ್ಟು ತೋಳಿನ ಮೇಲೆ ಬಿದ್ದವು ಎಂದು ಹೇಳುವ ದನಿ ಸಿಕ್ಕರೆ ಅಂಥವರನ್ನು ಬಿಡಬೇಡಿ.

ಬ್ಲೋ-ಬೈ-ಬ್ಲೋ, ಅಂದರೆ ಪೆಟ್ಟು ಪೆಟ್ಟಿಗೂ ವಿವರಣೆ ಹೇಳುವವರಿಂದ ಶುರುಮಾಡೋಣ. ಈ ಕಲೆ ರೇಡಿಯೊದಿಂದ ಬಂದದ್ದು. 1941ರ ಜೋ ಲೂಯಿಸ್–ಬಿಲ್ಲಿ ಕಾನ್ ಪಂದ್ಯವನ್ನು ಡಾನ್ ಡನ್ಫಿ ರೇಡಿಯೊದಲ್ಲಿ ಹೇಳಿದಾಗ ಪ್ರತಿ ಪೆಟ್ಟನ್ನೂ ಬಾಯಲ್ಲೇ ಕಟ್ಟಿಕೊಡಬೇಕಿತ್ತು. ಟಿವಿಯಲ್ಲಿ ಆ ಕೆಲಸ ಚಿತ್ರದ್ದು. "ಎಡಗೈ ಜ್ಯಾಬ್, ಮತ್ತೆ ಜ್ಯಾಬ್, ಬಲಗೈ ತಪ್ಪಿತು" ಎಂದು ಕಣ್ಣೆದುರಿಗೆ ಇರುವುದನ್ನೇ ಓದಿ ಹೇಳುವವರು ಈಗಲೂ ಬೇಕಾದಷ್ಟಿದ್ದಾರೆ, ಮತ್ತು ಅವರು ಸದಾ ಅರ್ಧ ಸೆಕೆಂಡು ಹಿಂದೆ ಇರುತ್ತಾರೆ. ಟಿವಿಯಲ್ಲಿ ಅವರ ನಿಜವಾದ ಕೆಲಸ ಮೂರು: ಗಡಿಯಾರ ಹೇಳುವುದು, ಹಿಡಿತ ಯಾರ ಕಡೆ ವಾಲಿತು ಎಂದು ಗುರುತಿಸುವುದು, ಪಕ್ಕದವರಿಗೆ ಸರಿಯಾದ ಪ್ರಶ್ನೆ ಎಸೆಯುವುದು. ದೊಡ್ಡ ಗಳಿಗೆ ಬಂದಾಗ ಚಿಕ್ಕ ವಾಕ್ಯ ಸಾಕು. 1973ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಫ್ರೇಜಿಯರ್ ಕೆಳಗೆ ಬಿದ್ದಾಗ ಕಾಮೆಂಟೇಟರ್ ಹೊವರ್ಡ್ ಕೊಸೆಲ್ "ಡೌನ್ ಗೋಸ್ ಫ್ರೇಜಿಯರ್" ಎಂಬ ಮೂರು ಪದವನ್ನೇ ಮತ್ತೆ ಮತ್ತೆ ಹೇಳಿದರು. 1994ರಲ್ಲಿ 45ರ ವಯಸ್ಸಿನ ಜಾರ್ಜ್ ಫೋರ್‌ಮನ್ 10ನೇ ರೌಂಡಿನಲ್ಲಿ ಮೈಕಲ್ ಮೂರರ್‌ರನ್ನು ಮಲಗಿಸಿದಾಗ ಎಚ್‌ಬಿಒ ಕಾಮೆಂಟೇಟರ್ ಜಿಮ್ ಲ್ಯಾಂಪ್ಲಿ ಬಾಯಿಂದ ಬಂದದ್ದು "ಆಗಿಹೋಯಿತು, ಆಗಿಹೋಯಿತು" ಎಂಬಷ್ಟೇ. ಮೊದಲೇ ಬರೆದು ತಂದ ಪ್ರಾಸಬದ್ಧ ಸಾಲು ಅಲ್ಲಿ ಹಾಕಿದ್ದರೆ ಎಷ್ಟು ಹುಳಿಯಾಗುತ್ತಿತ್ತು ಎಂದು ಊಹಿಸಿ. ಈಗಿನ ಕೆಲವರು ಅದನ್ನೇ ಮಾಡುತ್ತಾರೆ. ಬೆಲ್ಟ್ ಗೆದ್ದ ಕ್ಷಣಕ್ಕೆ ಸಾಲು ಸಿದ್ಧವಾಗಿರುತ್ತದೆ, ಗೆಲುವು ಬೇರೆಯವರದ್ದಾದರೆ ತಡವರಿಸುತ್ತಾರೆ.

ಪಕ್ಕದ ಕುರ್ಚಿಯ ಮಾಜಿ ಬಾಕ್ಸರ್ ಅಥವಾ ಕೋಚ್ ವಿಷಯ ಬೇರೆ. ಇಲ್ಲಿಯೇ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಅಜಗಜಾಂತರ. 2012ರ ಡಿಸೆಂಬರ್ 8, ಪ್ಯಾಕಿಯಾವೊ–ಮಾರ್ಕೆಸ್ ನಾಲ್ಕನೇ ಪಂದ್ಯ. 3ನೇ ರೌಂಡಿನಲ್ಲಿ ಪ್ಯಾಕಿಯಾವೊ ಬಿದ್ದರು, 5ರಲ್ಲಿ ಮಾರ್ಕೆಸ್ ಬಿದ್ದರು, ಮೂವರೂ ಜಡ್ಜ್‌ಗಳ ಕಾರ್ಡಿನಲ್ಲಿ ಪ್ಯಾಕಿಯಾವೊ 47-46 ಮುಂದಿದ್ದರು. 6ನೇ ರೌಂಡಿಗೆ ಒಂದೇ ಸೆಕೆಂಡು ಉಳಿದಿದ್ದಾಗ ಪ್ಯಾಕಿಯಾವೊ ಜ್ಯಾಬ್ ಹಾಕುತ್ತ ಒಳಗೆ ನುಗ್ಗಿದರು, ಮಾರ್ಕೆಸ್‌ರ ಬಲಗೈ ನೇರ ಮುಖಕ್ಕೆ ಬಿತ್ತು. ರೆಫರಿ ಎಣಿಸುವ ಮೊದಲೇ ಪಕ್ಕದ ಕುರ್ಚಿಯಲ್ಲಿದ್ದ ಬಾಕ್ಸರ್ ರಾಯ್ ಜೋನ್ಸ್ ಜೂನಿಯರ್ ಇವರು ಏಳುವುದಿಲ್ಲ ಎಂದು ಲ್ಯಾಂಪ್ಲಿಗೆ ಕೂಗಿ ಹೇಳಿದರು. ಅದು ಬರೀ ಉದ್ವೇಗವಲ್ಲ. ಪ್ಯಾಕಿಯಾವೊ ಬೋರಲು ಬಿದ್ದರು, ಕೈ ಮುಂದೆ ಚಾಚಿ ತಡೆಯಲಿಲ್ಲ. ಮೈಮೇಲೆ ಪ್ರಜ್ಞೆ ಇದ್ದವರು ಹಾಗೆ ಬೀಳುವುದಿಲ್ಲ. ರಿಂಗಿನೊಳಗೆ ಇದ್ದು ಬಂದ ಕಣ್ಣಿಗೆ ಅದು ಅರೆಕ್ಷಣದಲ್ಲಿ ಗೊತ್ತಾಗುತ್ತದೆ. ಮಾಜಿ ಬಾಕ್ಸರ್‌ಗೆ ಸಂಬಳ ಕೊಡುವುದು ಇದಕ್ಕೆ.

ಇದರ ತದ್ವಿರುದ್ಧದ ಮಾತೆಂದರೆ "ಗೆಲ್ಲುವ ಹಸಿವು ಇವರಿಗೇ ಹೆಚ್ಚಿದೆ" ಎಂಬಂಥದ್ದು. ಹಸಿವು ಕ್ಯಾಮೆರಾಕ್ಕೆ ಸಿಗುವುದಿಲ್ಲ, ಪಾದ ಸಿಗುತ್ತದೆ. ಸೌತ್‌ಪಾ ಮತ್ತು ಬಲಗೈ ಬಾಕ್ಸರ್ ಎದುರಾದಾಗ ಯಾರ ಮುಂದಿನ ಪಾದ ಹೊರಗಡೆ ಇದೆ, ಅದರಿಂದ ಯಾರ ಹಿಂದಿನ ಕೈಗೆ ದಾರಿ ತೆರೆಯಿತು, ಎದುರಾಳಿ ಅದನ್ನು ಮುಚ್ಚಲು ಏನು ಮಾಡಿದರು ಎಂದು ಹೇಳಬೇಕು. "ಹೊರಪಾದ ಮುಖ್ಯ" ಎಂದು ಗಿಳಿಪಾಠ ಒಪ್ಪಿಸುವುದು ಇದರಲ್ಲಿ ಸೇರಿಲ್ಲ. ಒಳಪಾದದಲ್ಲೇ ನಿಂತು ಹುಕ್ (ಮೊಣಕೈ ಬಾಗಿಸಿ ಪಕ್ಕದಿಂದ ಹಾಕುವ ಪೆಟ್ಟು) ಬೀಸುವ ಬಾಕ್ಸರ್ ಬಂದಾಗ ಆ ಪಾಠ ಹೇಳುವವರು ಕಕ್ಕಾಬಿಕ್ಕಿಯಾಗುತ್ತಾರೆ. ಕೋಚ್ ಎಮ್ಯಾನುಯೆಲ್ ಸ್ಟುವರ್ಡ್ ಅವರದ್ದು ಈ ವಿಷಯದಲ್ಲಿ ಮೇಲುಗೈ. ಲೆನಾಕ್ಸ್ ಲೂಯಿಸ್, ವ್ಲಾಡಿಮಿರ್ ಕ್ಲಿಚ್ಕೊ ಅಂಥವರನ್ನು ತಯಾರು ಮಾಡುತ್ತಿದ್ದಾಗಲೇ ಎಚ್‌ಬಿಒದಲ್ಲಿ ಕೂತು, ಹೀಗೆ ಮಾಡಿದರೆ ಹೀಗಾಗುತ್ತದೆ ಎಂದು ಮುಂಚಿತವಾಗಿ ಹೇಳುತ್ತಿದ್ದರು. ಯಾವುದೇ ವಿಶ್ಲೇಷಕರನ್ನು ಅಳೆಯಬೇಕಾದರೆ ಅವರ ಮುನ್ಸೂಚನೆಗಳನ್ನು ಗುರುತು ಹಾಕಿಕೊಳ್ಳಿ. ರೀಪ್ಲೇ ನೋಡಿ ವಿವರಿಸುವುದು ಯಾರಿಗಾದರೂ ಬರುತ್ತದೆ.

ಹೊಟ್ಟೆ ಪೆಟ್ಟು ಇನ್ನೊಂದು ಒರೆಗಲ್ಲು. ಯಕೃತ್ತು ಇರುವುದು ಬಲಪಕ್ಕೆಯಲ್ಲಿ, ಅದಕ್ಕೆ ಎಡಗೈ ಹುಕ್ ಬಿದ್ದರೆ ನೋವು ಒಂದೆರಡು ಸೆಕೆಂಡು ತಡವಾಗಿ ಏರುತ್ತದೆ. ಪೆಟ್ಟು ತಿಂದವರು ಒಂದು ಹೆಜ್ಜೆ ಇಟ್ಟು ಆಮೇಲೆ ಮಂಡಿಯೂರುತ್ತಾರೆ. 2004ರ ಸೆಪ್ಟೆಂಬರ್‌ನಲ್ಲಿ ಬರ್ನಾರ್ಡ್ ಹಾಪ್ಕಿನ್ಸ್ 9ನೇ ರೌಂಡಿನಲ್ಲಿ ಆಸ್ಕರ್ ಡಿ ಲಾ ಹೋಯಾ ಅವರನ್ನು ಮುಗಿಸಿದ್ದು ಇದೇ ಪೆಟ್ಟಿನಿಂದ. ತಲೆಯನ್ನೇ ನೋಡುತ್ತ ಕೂತ ಕಾಮೆಂಟೇಟರ್‌ಗೆ ಇಂಥ ಕಡೆ "ಜಾರಿಬಿದ್ದರೇ? ಬಿಟ್ಟುಕೊಟ್ಟರೇ?" ಎಂಬ ಪ್ರಶ್ನೆಯೇ ಗತಿ.

ಈಗ ಅಂಕ. ಪರದೆಯ ಮೂಲೆಯಲ್ಲಿ ಬರುವ ಅನಧಿಕೃತ ಸ್ಕೋರ್‌ಕಾರ್ಡ್‌ಗೆ ಯಾರು ಹೊಣೆ ಎಂದು ಮೊದಲು ನೋಡಿ. ಎಚ್‌ಬಿಒದಲ್ಲಿ 1986ರಿಂದ ಈ ಕುರ್ಚಿಯಲ್ಲಿದ್ದ ಹ್ಯಾರಲ್ಡ್ ಲೆಡರ್‌ಮನ್ ಸ್ವತಃ ಜಡ್ಜ್ ಆಗಿದ್ದವರು. ಅಂಕ ಹೇಳುವಾಗ ನಾಲ್ಕು ಮಾನದಂಡಗಳ ಹೆಸರು ಎತ್ತುತ್ತಿದ್ದರು: ಸ್ವಚ್ಛ ಪೆಟ್ಟು, ಪರಿಣಾಮವಿರುವ ಆಕ್ರಮಣ, ರಿಂಗಿನ ಮೇಲಿನ ಹಿಡಿತ, ರಕ್ಷಣೆ. ಅವರ ಅಂಕ ಒಪ್ಪದೆ ಇರಬಹುದು, ಆದರೆ ಯಾವುದಕ್ಕೆ ತೂಕ ಕೊಟ್ಟರು ಎನ್ನುವುದು ಗೊತ್ತಾಗುತ್ತಿತ್ತು. 2012ರ ಮೊದಲ ಪ್ಯಾಕಿಯಾವೊ–ಬ್ರ್ಯಾಡ್ಲಿ ಪಂದ್ಯವನ್ನು ಅವರು 119-109 ಪ್ಯಾಕಿಯಾವೊಗೆ ಕೊಟ್ಟರು, ಇಬ್ಬರು ಜಡ್ಜ್‌ಗಳು ಗೆಲುವನ್ನು ಬ್ರ್ಯಾಡ್ಲಿಗೆ ಕೊಟ್ಟರು. ಆಮೇಲೆ ಡಬ್ಲ್ಯುಬಿಒ (ವಿಶ್ವ ಬಾಕ್ಸಿಂಗ್ ಸಂಸ್ಥೆ) ಐವರು ಜಡ್ಜ್‌ಗಳಿಂದ ಪಂದ್ಯವನ್ನು ಮತ್ತೆ ನೋಡಿಸಿದಾಗ ಐವರೂ ಪ್ಯಾಕಿಯಾವೊ ಪರ ನಿಂತರು. ಹಾಗಂತ ಪ್ರಸಾರದ ಕಾರ್ಡ್ ಸದಾ ಸರಿ ಎಂದಲ್ಲ. 10-10ಕ್ಕೆ ಹತ್ತಿರದ ರೌಂಡನ್ನು "ಇದು ಯಾರಿಗೂ ಹೋಗಬಹುದು" ಎಂದು ಒಪ್ಪಿಕೊಳ್ಳುವವರನ್ನು ನಂಬಿ.

ಪೆಟ್ಟು ಎಣಿಸುವ ಕಂಪ್ಯೂಬಾಕ್ಸ್ ವ್ಯವಸ್ಥೆಯ ಅಂಕಿಗಳ ಬಗ್ಗೆ ಒಂದು ಎಚ್ಚರಿಕೆ. ರಿಂಗ್ ಪಕ್ಕ ಇಬ್ಬರು ಕೂತು, ತಲಾ ಒಬ್ಬ ಬಾಕ್ಸರ್‌ನನ್ನು ಗಮನಿಸುತ್ತ, ನಾಲ್ಕು ಕೀಲಿ ಒತ್ತುತ್ತಾರೆ: ಬಿದ್ದ ಜ್ಯಾಬ್, ತಪ್ಪಿದ ಜ್ಯಾಬ್, ಬಿದ್ದ ಪವರ್ ಪಂಚ್, ತಪ್ಪಿದ ಪವರ್ ಪಂಚ್. ಜ್ಯಾಬ್ ಅಲ್ಲದ ಪ್ರತಿಯೊಂದೂ ಅಲ್ಲಿ ಪವರ್ ಪಂಚ್, ತಟ್ಟಿದಂತಿರುವ ಹುಕ್ ಕೂಡ. ಪೆಟ್ಟಿನ ಜೋರು ಆ ಲೆಕ್ಕದಲ್ಲಿಲ್ಲ. 1999ರ ಲೆನಾಕ್ಸ್ ಲೂಯಿಸ್–ಹೋಲಿಫೀಲ್ಡ್ ಮೊದಲ ಪಂದ್ಯದಲ್ಲಿ ಬಿದ್ದ ಪೆಟ್ಟುಗಳಲ್ಲಿ ಲೂಯಿಸ್ ಪರ 348ಕ್ಕೆ 130 ಎಂಬ ಅಂತರ ಇದ್ದಾಗ ಆ ಅಂಕಿ ಡ್ರಾ ತೀರ್ಪಿನ ವಿರುದ್ಧ ದೊಡ್ಡ ಸಾಕ್ಷಿ. 14ಕ್ಕೆ 12 ಎಂಬ ರೌಂಡಿನಲ್ಲಿ ಅದೇ ಅಂಕಿ ತೋರಿಸಿ "ಆದ್ದರಿಂದ ರೌಂಡ್ ಇವರದು" ಎನ್ನುವವರು ಕೆಲಸ ಕದಿಯುತ್ತಿದ್ದಾರೆ. ಇನ್ನೊಂದು: ಒಟ್ಟು ಪೆಟ್ಟಿನ ಸಂಖ್ಯೆ ಪಂದ್ಯ ಗೆಲ್ಲಿಸುವುದಿಲ್ಲ, ರೌಂಡುಗಳು ಗೆಲ್ಲಿಸುತ್ತವೆ.

ನಿಯಮ ಗೊತ್ತಿಲ್ಲದ ಕಾಮೆಂಟೇಟರ್ ಸಿಕ್ಕಿಬೀಳುವುದು ಹುಬ್ಬು ಸೀಳಿದಾಗ. ಗಾಯ ಪೆಟ್ಟಿನಿಂದಾದದ್ದೋ, ಆಕಸ್ಮಿಕವಾಗಿ ತಲೆ ತಾಗಿ ಆದದ್ದೋ ಎಂದು ರೆಫರಿ ಆ ಕೂಡಲೇ ಜಡ್ಜ್‌ಗಳಿಗೆ ಸನ್ನೆ ಮಾಡುತ್ತಾರೆ. ಪೆಟ್ಟಿನಿಂದಾದರೆ, ಆ ಗಾಯಕ್ಕೆ ಪಂದ್ಯ ನಿಂತಾಗ ಎದುರಾಳಿಗೆ ಟಿಕೆಒ (ತಾಂತ್ರಿಕ ನಾಕೌಟ್) ಗೆಲುವು. ತಲೆ ತಾಗಿದ್ದಾದರೆ, ನಾಲ್ಕು ರೌಂಡ್ ಮುಗಿಯುವ ಮೊದಲು ನಿಂತರೆ ಫಲಿತಾಂಶವಿಲ್ಲ, ಮುಗಿದ ಮೇಲೆ ನಿಂತರೆ ಕಾರ್ಡುಗಳ ಲೆಕ್ಕ. ಪಂದ್ಯದ ತಂತ್ರವೇ ಆ ಸನ್ನೆಯಿಂದ ಬದಲಾಗುತ್ತದೆ. ಅದನ್ನು ಗಮನಿಸದೆ "ರಕ್ತ ನೋಡಿ" ಎಂದು ಕೂಗುವ ಪ್ರಸಾರಗಳು ನನ್ನ ಪಟ್ಟಿಯಲ್ಲಿ ಕೆಳಗಿಳಿಯುತ್ತವೆ. ಎಣಿಕೆಯ ಕತೆಯೂ ಹೀಗೇ. 1990ರಲ್ಲಿ ಟೋಕಿಯೊದಲ್ಲಿ 8ನೇ ರೌಂಡಿನಲ್ಲಿ ಬಸ್ಟರ್ ಡಗ್ಲಸ್ ಬಿದ್ದಾಗ ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಕೆಳಗಿದ್ದರು ಎಂದು ಟೈಸನ್ ಪಾಳೆಯ ತಕರಾರು ತೆಗೆಯಿತು. ಆದರೆ ಬಿದ್ದವರು ನೋಡಬೇಕಾದ್ದು ಗಡಿಯಾರವನ್ನಲ್ಲ, ರೆಫರಿಯ ಬೆರಳನ್ನು. ಕಾಮೆಂಟೇಟರ್ ಕಣ್ಣೂ ಅಲ್ಲೇ ಇರಬೇಕು.

ರೌಂಡುಗಳ ನಡುವಿನ ಒಂದು ನಿಮಿಷವನ್ನು ಹೇಗೆ ಬಳಸುತ್ತಾರೆ ಎನ್ನುವುದರಲ್ಲೇ ಪ್ರಸಾರದ ಶಿಸ್ತು ಗೊತ್ತಾಗುತ್ತದೆ. ಕಾರ್ನರ್‌ನ (ಬಾಕ್ಸರ್ ಮತ್ತು ಕೋಚ್ ಇರುವ ಮೂಲೆಯ) ಮೈಕ್ ತೆರೆದಾಗ ಬಾಯಿ ಮುಚ್ಚಿಕೊಂಡಿರಬೇಕು, ಕಟ್‌ಮ್ಯಾನ್ (ಗಾಯ ನೋಡಿಕೊಳ್ಳುವವರು) ಏನು ಹಚ್ಚುತ್ತಿದ್ದಾರೆ ನೋಡಬೇಕು, ಕೋಚ್ ಬೇರೆ ಭಾಷೆಯಲ್ಲಿ ಮಾತಾಡಿದರೆ ಅನುವಾದಕರು ತಯಾರಿರಬೇಕು. ಹೆಚ್ಚಿನವರು ಕೋಚ್ ಮಾತಿನ ಮೇಲೇ ತಮ್ಮ ಮಾತು ಹೇರುತ್ತಾರೆ.

ಪಕ್ಷಪಾತಕ್ಕೆ ಬರೋಣ. ಪ್ರಸಾರದ ಹಣ ಪ್ರಮೋಟರ್ ಜತೆಗಿನ ಒಪ್ಪಂದದಿಂದ ಬಂದಾಗ ಆ ಪ್ರಮೋಟರ್‌ನ ಬಾಕ್ಸರ್ ಪ್ರತಿ ವಾಕ್ಯದ ಕರ್ತೃವಾಗುತ್ತಾರೆ. ಒಂದೇ ರೌಂಡಿನಲ್ಲಿ ಯಾರ ಹೆಸರಿನಿಂದ ವಾಕ್ಯ ಶುರುವಾಗುತ್ತದೆ ಎಂದು ಗೆರೆ ಎಳೆದು ಎಣಿಸಿ. ಪೆಟ್ಟುಗಳು ಸಮಸಮ ಇದ್ದೂ ಗೆರೆಗಳು ಮೂರು ಪಟ್ಟು ಒಂದು ಕಡೆ ಬಿದ್ದರೆ ವಿಷಯ ತಿಳಿಯಿತು. ಎದುರಾಳಿ ಹೊಡೆದಾಗ "ಹೊಡೆದರು" ಎನ್ನದೆ "ಇವರು ಸ್ವಲ್ಪ ಎಡವಿದರು" ಎನ್ನುವುದು ಇನ್ನೊಂದು ಗುರುತು. ರೀಪ್ಲೇ ಆಯ್ಕೆ ಮಾಡುವುದು ಕಾಮೆಂಟೇಟರ್ ಅಲ್ಲ, ಟ್ರಕ್ಕಿನಲ್ಲಿ ಕೂತ ಪ್ರೊಡ್ಯೂಸರ್, ಹಾಗಾಗಿ ಅದರ ಪಾಪವನ್ನು ಮೈಕ್ ಹಿಡಿದವರ ತಲೆಗೆ ಕಟ್ಟಬೇಡಿ.

ಸ್ಟುಡಿಯೊ ನಿರೂಪಕರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲ ಪಂದ್ಯಗಳು ಬೇಗ ಮುಗಿದು ಮುಖ್ಯ ಪಂದ್ಯಕ್ಕೆ ಮುಂಚೆ ಬಿಡುವು ಬಂದಾಗ ಅವರ ನಿಜಬಣ್ಣ ಗೊತ್ತಾಗುತ್ತದೆ. ಗ್ಲೌಸ್ ಎಷ್ಟು ಔನ್ಸ್ (147 ಪೌಂಡ್‌ವರೆಗೆ 8, ಮೇಲಕ್ಕೆ 10), ರಿಂಗ್ ಎಷ್ಟು ಅಡಿ, ಜಡ್ಜ್‌ಗಳು ಯಾರು, ಅಧಿಕೃತವಾಗಿ ತೂಕ ನೋಡಿದ ಬಳಿಕ ಎಷ್ಟು ಪೌಂಡ್ ಏರಿದ್ದಾರೆ, ಇಷ್ಟು ಹೇಳಿದರೆ ಸಾಕು. 2000ದ ಫೆಬ್ರುವರಿಯಲ್ಲಿ ಗ್ಯಾಟಿ–ಗಮಾಶ್ ಪಂದ್ಯದ ರಾತ್ರಿ ಎಚ್‌ಬಿಒ ತಕ್ಕಡಿ 141 ಪೌಂಡ್ ಮಿತಿಯ ಗ್ಯಾಟಿಯನ್ನು 160 ಎಂದು ತೋರಿಸಿತು. ಆ ಒಂದು ಅಂಕಿ ಅರ್ಧ ಗಂಟೆಯ ಹರಟೆಗಿಂತ ಹೆಚ್ಚು ತಿಳಿಸಿತು. ಪಂದ್ಯಾನಂತರದ ಸಂದರ್ಶನದಲ್ಲಿ "ಹೇಗನಿಸುತ್ತಿದೆ" ಎಂದು ಕೇಳುವವರಿಗೆ ಸೊನ್ನೆ. ಪರದೆ ತೋರಿಸಿ "ಇಲ್ಲಿ ಎಡಗೈ ಯಾಕೆ ಕೆಳಗಿಳಿಸಿದಿರಿ" ಎಂದು ಕೇಳುವವರಿಗೆ ಪೂರ್ಣಾಂಕ. ಆಗಷ್ಟೇ ನಾಕೌಟ್ ಆದವರ ಬಾಯಿಗೆ ಮೈಕ್ ಹಿಡಿಯುವುದನ್ನು ಯಾವ ಪ್ರಸಾರವೂ ಮಾಡಬಾರದು.

ಆ್ಯಪ್‌ನಲ್ಲಿ ಕೊನೆಯದಾಗಿ ನೋಡಬೇಕಾದ್ದು ಆಡಿಯೊ ಆಯ್ಕೆ. ಬರೀ ಅಂಗಣದ ಸದ್ದು ಕೊಡುವ ಟ್ರ್ಯಾಕ್ ಇದ್ದರೆ ಮೊದಲ ಸಲ ಅದನ್ನೇ ಹಾಕಿ, ಗ್ಲೌಸ್ ಮೇಲೆ ಬಿದ್ದ ಪೆಟ್ಟಿಗೂ ಮೈಮೇಲೆ ಬಿದ್ದ ಪೆಟ್ಟಿಗೂ ಸದ್ದಿನಲ್ಲೇ ವ್ಯತ್ಯಾಸ ಕೇಳುತ್ತದೆ. ಕಾಮೆಂಟೇಟರ್‌ಗಳು ರಿಂಗ್ ಪಕ್ಕದಲ್ಲಿಲ್ಲದೆ ದೂರದ ಸ್ಟುಡಿಯೊದಲ್ಲಿ ಪರದೆ ನೋಡಿ ಮಾತಾಡುತ್ತಿದ್ದರೆ ಅದು ಬೇಗ ಗೊತ್ತಾಗುತ್ತದೆ. ಗಾಯದ ಆಳ, ಉಸಿರಿನ ಏರಿಳಿತ, ಕಾರ್ನರ್‌ನ ಗಾಬರಿ ಯಾವುದನ್ನೂ ಅವರು ನಿಮಗಿಂತ ಮೊದಲು ಹೇಳುವುದಿಲ್ಲ. ಪೆಟ್ಟು ಬೀಳುವ ಮೊದಲೇ ಕೂಗು ಕೇಳಿಸಿದರೆ ಮಾತ್ರ ದೋಷ ಅವರದ್ದಲ್ಲ, ದನಿ ಮತ್ತು ಚಿತ್ರದ ಹೊಂದಾಣಿಕೆ ತಪ್ಪಿದೆ. ಆ್ಯಪ್ ಮುಚ್ಚಿ ತೆರೆಯಿರಿ. ಹಾಗೂ ಸರಿಯಾಗದಿದ್ದರೆ ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಆಡಿಯೊ ಡಿಲೇ ಏರಿಸಿ.