ಸೇಂಟ್ ಕ್ಲೇರ್ ಸರೋವರದ ಬ್ಯಾಸ್ ಮೀನಿಗೆ ನಾನು ನೆಚ್ಚಿದ ಸ್ಪಿನ್ನಿಂಗ್ ರೀಲ್

ನನ್ನ ರೀಲ್, ಅಂದರೆ ಗಾಳದ ಕೋಲಿಗೆ ಕಟ್ಟಿ ದಾರ ಸುತ್ತುವ ಸಾಧನ, ಶಿಮಾನೊ ಕಂಪನಿಯ ಸ್ಟ್ರಾಡಿಕ್ ಎಫ್‌ಎಲ್, 2500 ಗಾತ್ರ, ಎಚ್‌ಜಿ (ಹೈ ಗೇರ್, ವೇಗವಾಗಿ ಸುತ್ತುವ) ಮಾದರಿ. ಇದು 2019ರಲ್ಲಿ ಮಾರುಕಟ್ಟೆಗೆ ಬಂದಾಗ ಅಮೆರಿಕದಲ್ಲಿ ಬೆಲೆ ಸುಮಾರು 200 ಡಾಲರ್ ಇತ್ತು. ನಾನು ಮರುವರ್ಷ ಕೊಂಡೆ. ಆಮೇಲೆ ಮನೆಗೆ ಬೇರೆ ರೀಲುಗಳೂ ಬಂದಿವೆ, ಆದರೆ ಹೊರಡುವಾಗ ಕೈ ಮೊದಲು ಹೋಗುವುದು ಇದರ ಕಡೆಗೇ. ಏಕೆ ಎಂದು ಬರೆಯುವ ಮೊದಲು ನಾನು ಮೀನು ಹಿಡಿಯುವ ನೀರಿನ ಬಗ್ಗೆ ಹೇಳಬೇಕು. ನೀರು ಯಾವುದು ಎಂದು ತಿಳಿಯದೆ ರೀಲ್ ಶಿಫಾರಸು ಮಾಡುವವರ ಮಾತಿಗೆ ಬೆಲೆಯಿಲ್ಲ.

ಡೆಟ್ರಾಯಿಟ್‌ನ ಪಕ್ಕದಲ್ಲೇ, ಮಿಷಿಗನ್‌ಗೂ ಕೆನಡಾದ ಒಂಟಾರಿಯೊಗೂ ನಡುವೆ ಸೇಂಟ್ ಕ್ಲೇರ್ ಸರೋವರ ಹರಡಿಕೊಂಡಿದೆ. ವಿಸ್ತಾರ ಸುಮಾರು 1,100 ಚದರ ಕಿಲೋಮೀಟರ್, ಸರಾಸರಿ ಆಳ ಮಾತ್ರ ಮೂರೂವರೆ ಮೀಟರಿಗಿಂತ ಕಡಿಮೆ. ಗಾಳಿ ಎದ್ದರೆ ಅರ್ಧ ಗಂಟೆಯಲ್ಲಿ ನೀರು ಕುದಿಯಲು ಶುರುವಾಗುತ್ತದೆ. ಇಲ್ಲಿಯ ಸ್ಮಾಲ್‌ಮೌತ್ ಬ್ಯಾಸ್‌ಗಾಗಿ ದೂರದ ರಾಜ್ಯಗಳಿಂದ ದೋಣಿ ಎಳೆದುಕೊಂಡು ಬರುವವರಿದ್ದಾರೆ. ಹಡಗುಗಳ ನೀರಿನ ಜೊತೆ ಸಾಗಿ ಬಂದ ಜೀಬ್ರಾ ಮಸೆಲ್ ಎಂಬ ಪುಟ್ಟ ಚಿಪ್ಪುಜೀವಿ ಉತ್ತರ ಅಮೆರಿಕದಲ್ಲಿ ಮೊದಲು ಪತ್ತೆಯಾದದ್ದು 1988ರಲ್ಲಿ, ಇದೇ ಸರೋವರದಲ್ಲಿ. ಅದು ನೀರನ್ನು ಸೋಸಿ ಸೋಸಿ ತಿಳಿಯಾಗಿಸಿಬಿಟ್ಟಿತು. ತಿಳಿನೀರಿನಲ್ಲಿ ಮೀನಿಗೆ ದಪ್ಪ ದಾರ ಕಾಣುತ್ತದೆ, ಹತ್ತಿರ ಬಂದ ದೋಣಿ ಕಾಣುತ್ತದೆ. ಹಾಗಾಗಿ ತೆಳು ದಾರ, ಹಗುರ ಆಮಿಷ, ದೂರದ ಎಸೆತ. ತಳದಲ್ಲಿ ಅದೇ ಮಸೆಲ್‌ಗಳ ಚಿಪ್ಪು ಬ್ಲೇಡಿನಂತೆ ದಾರವನ್ನು ಕೊಯ್ಯುತ್ತದೆ ಎನ್ನುವುದು ಬೇರೆಯೇ ತಲೆನೋವು.

ಏಳು ಗ್ರಾಂ ತೂಗುವ ಟ್ಯೂಬನ್ನೋ ಅದಕ್ಕಿಂತ ಹಗುರವಾದ ನೆಡ್ ರಿಗ್ಗನ್ನೋ (ಎರಡೂ ಮೆತ್ತನೆಯ ಪ್ಲಾಸ್ಟಿಕ್ ಆಮಿಷಗಳು) ಎದುರುಗಾಳಿಗೆ ಎಸೆಯುವಾಗ ಬೇಟ್‌ಕಾಸ್ಟಿಂಗ್ ರೀಲ್ ಬಹಳ ಸತಾಯಿಸುತ್ತದೆ. ಅದರ ಸ್ಪೂಲ್, ಅಂದರೆ ದಾರ ಸುತ್ತಿರುವ ಉರುಳೆ, ತಾನೇ ಸುತ್ತಬೇಕು, ಅದನ್ನು ಸುತ್ತಿಸುವಷ್ಟು ತೂಕ ಆಮಿಷದಲ್ಲಿ ಇರುವುದಿಲ್ಲ. ಸ್ಪಿನ್ನಿಂಗ್ ರೀಲಿನ ಸ್ಪೂಲ್ ಎಸೆಯುವಾಗ ಅಲುಗುವುದೇ ಇಲ್ಲ, ದಾರ ಅದರ ಅಂಚಿನಿಂದ ಸುರುಳಿ ಸುರುಳಿಯಾಗಿ ಜಾರಿಹೋಗುತ್ತದೆ. ದಟ್ಟ ಜೊಂಡಿನೊಳಗಿಂದ ಲಾರ್ಜ್‌ಮೌತ್ ಕಿತ್ತು ತೆಗೆಯುವವರಿಗೆ ಬೇಟ್‌ಕಾಸ್ಟರ್ರೇ ಸರಿ. ಅವರು ಈ ಬರಹವನ್ನು ಇಲ್ಲಿಗೇ ಬಿಡಬಹುದು.

ಅಂಗಡಿಯಲ್ಲಿ ರೀಲಿನ ಡಬ್ಬಿ ತಿರುಗಿಸಿದರೆ ದೊಡ್ಡ ಅಕ್ಷರದಲ್ಲಿ ಕಾಣುವುದು ಬೇರಿಂಗ್‌ಗಳ ಸಂಖ್ಯೆ ಮತ್ತು ಗರಿಷ್ಠ ಡ್ರ್ಯಾಗ್. ಡ್ರ್ಯಾಗ್ ಎಂದರೆ ಮೀನು ಜೋರಾಗಿ ಎಳೆದಾಗ ದಾರ ಹರಿಯದಂತೆ ಸ್ಪೂಲನ್ನು ಜಾರಲು ಬಿಡುವ ತಡೆ. ನನ್ನ ರೀಲಿನಲ್ಲಿ ಆರು ಬೇರಿಂಗ್, ಜೊತೆಗೆ ಒಂದು ರೋಲರ್ ಬೇರಿಂಗ್. ಗರಿಷ್ಠ ಡ್ರ್ಯಾಗ್ 20 ಪೌಂಡ್. ಈ 20 ಪೌಂಡ್ ನನಗೆ ಒಮ್ಮೆಯೂ ಬೇಕಾಗಿಲ್ಲ, ನಿಮಗೂ ಬೇಕಾಗುವುದಿಲ್ಲ. ಲೆಕ್ಕ ಹಾಕಿ ನೋಡಿ. ದಾರದ ಕೊನೆಗೆ ಕಟ್ಟುವ ತುಂಡು, ಲೀಡರ್, ಎಂಟು ಪೌಂಡ್ ತಾಳುವ ಫ್ಲೋರೋಕಾರ್ಬನ್ ದಾರ. ಡ್ರ್ಯಾಗನ್ನು ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟಕ್ಕೆ ಬಿಗಿ ಮಾಡಬೇಕು, ಅಂದರೆ ಎರಡು, ಹೆಚ್ಚೆಂದರೆ ಸುಮಾರು 2.7 ಪೌಂಡ್. ಬ್ಯಾಸ್ ಹಿಡಿಯುವವನ ಬದುಕೆಲ್ಲ ಈ ಎರಡು ಪೌಂಡಿನೊಳಗೇ ನಡೆಯುತ್ತದೆ. ಅಷ್ಟು ಸಡಿಲದಲ್ಲಿ ಡ್ರ್ಯಾಗ್ ಹೇಗೆ ಬಿಡುತ್ತದೆ ಎಂಬುದನ್ನು ಯಾವ ಡಬ್ಬಿಯೂ ಹೇಳುವುದಿಲ್ಲ.

ಸ್ಮಾಲ್‌ಮೌತ್ ಕಚ್ಚಿದಾಗ ಏನಾಗುತ್ತದೆ ಎಂದರೆ, ಮೊದಲು ದಾರದಲ್ಲಿ ಒಂದು ಮೆತ್ತನೆಯ ಭಾರ. ಕೋಲು ಎತ್ತಿದ ಕೂಡಲೇ ಮೀನು ನೀರಿನಿಂದ ಹೊರಗೆ ಹಾರಿ ತಲೆ ಕೊಡವುತ್ತದೆ, ಬಿದ್ದ ಮರುಕ್ಷಣ ದೋಣಿಯ ಅಡಿಗೆ ನುಗ್ಗುತ್ತದೆ. ನಾನು ಸುತ್ತಿರುವುದು ಹತ್ತು ಪೌಂಡಿನ ಬ್ರೇಡ್ (ಹೆಣೆದ ದಾರ), ಅದು ಹಿಗ್ಗುವುದಿಲ್ಲ. ದೋಣಿಯ ಬಳಿ ಹೊರಗಿರುವ ದಾರವೂ ಗಿಡ್ಡ. ಆ ನುಗ್ಗುವಿಕೆಯ ಮೊದಲ ಎಳೆತವನ್ನು ತಾಳಿಕೊಳ್ಳುವುದು ಕೋಲಿನ ತುದಿ ಮತ್ತು ಡ್ರ್ಯಾಗ್ ಮಾತ್ರ. ಡ್ರ್ಯಾಗ್ ಮೊದಲ ಕ್ಷಣದಲ್ಲಿ ಅಂಟಿಕೊಂಡು ಆಮೇಲೆ ತಟ್ಟನೆ ಬಿಟ್ಟರೆ ಕೋಲಿನ ತುದಿ ಗಕ್ಕನೆ ಬಾಗಿ ಪುಟಿಯುತ್ತದೆ. ಒಂದೋ ಲೀಡರ್ ಹರಿಯುತ್ತದೆ, ಇಲ್ಲವೇ ತೆಳು ತಂತಿಯ ಕೊಕ್ಕೆ ಬಾಯಿಂದ ಕಳಚಿಕೊಳ್ಳುತ್ತದೆ. ಇದಕ್ಕೂ ಮೊದಲು ನನ್ನ ಬಳಿ ಅಗ್ಗದ ರೀಲೊಂದು ಇತ್ತು, ಹೆಸರು ಬೇಡ. ಅದರ ಡ್ರ್ಯಾಗ್ ಬಿಗಿ ಇದ್ದಾಗ ಚೆನ್ನಾಗಿಯೇ ಇತ್ತು. ಸಡಿಲಿಸಿದರೆ ಬಿಟ್ಟು ಬಿಟ್ಟು ಜಗ್ಗುತ್ತಿತ್ತು, ತಣ್ಣನೆಯ ಏಪ್ರಿಲ್ ಬೆಳಗಿನಲ್ಲಂತೂ ಇನ್ನಷ್ಟು. ಸ್ಟ್ರಾಡಿಕ್‌ನಲ್ಲಿ ಆ ಅಂಟು ಇಲ್ಲ. ದಾರ ಹೊರಡುವುದು ಕಿವಿಗೆ ಗೊತ್ತಾಗುತ್ತದೆ, ಕೈಗೆ ಗೊತ್ತಾಗುವುದಿಲ್ಲ. ಇಷ್ಟು ವರ್ಷ ಕಳೆದ ಮೇಲೂ ಹಾಗೆಯೇ ಇದೆ. ನಾನು ಹಣ ಕೊಟ್ಟದ್ದಕ್ಕೆ ಇದೊಂದೇ ಕಾರಣ ಸಾಕು.

ಅಂಗಡಿಯಲ್ಲೇ ಇದನ್ನು ಪರೀಕ್ಷಿಸಬಹುದು. ಡ್ರ್ಯಾಗ್ ಗುಂಡಿಯನ್ನು ಸಾಕಷ್ಟು ಸಡಿಲಿಸಿ, ಹಿಡಿಯನ್ನು ಅಲುಗದಂತೆ ಹಿಡಿದು, ಸ್ಪೂಲನ್ನು ಎರಡು ಬೆರಳಿನಿಂದ ನಿಧಾನವಾಗಿ ಸರಿಸಿ. ಹೊರಡುವ ಕ್ಷಣದಲ್ಲಿ ತಡೆದಂತಾದರೆ ಆ ರೀಲನ್ನು ಅಲ್ಲೇ ಇಟ್ಟುಬಿಡಿ. ಹಿಡಿಯನ್ನು ಗರಗರ ತಿರುಗಿಸಿ “ಎಷ್ಟು ನಯ” ಎಂದು ಮೆಚ್ಚುವುದು ಎಲ್ಲರೂ ಮಾಡುವ ಕೆಲಸ. ಹೊಸತಿದ್ದಾಗ ಎಲ್ಲ ರೀಲುಗಳೂ ನಯವೇ.

ಗೇರಿನ ಬಗ್ಗೆ ಎರಡು ಮಾತು. ಶಿಮಾನೊ 1921ರಲ್ಲಿ ಜಪಾನಿನ ಸಕಾಯ್ ಊರಿನಲ್ಲಿ ಸೈಕಲ್ಲಿನ ಫ್ರೀವೀಲ್ ಮಾಡುತ್ತ ಶುರುವಾದ ಕಂಪನಿ, ಮೀನಿನ ರೀಲುಗಳಿಗೆ ಕೈಹಾಕಿದ್ದು 1970ರ ಹೊತ್ತಿಗೆ. ಲೋಹವನ್ನು ಕಾಯಿಸದೆ ಒತ್ತಿ ರೂಪ ಕೊಡುವ ವಿದ್ಯೆಯನ್ನು ಸೈಕಲ್ ಭಾಗಗಳಲ್ಲಿ ಪಳಗಿಸಿ ರೀಲಿನ ಗೇರಿಗೂ ತಂದರು. ನನ್ನ ರೀಲ್ ಈಗಲೂ ಭಾರ ಎಳೆಯುವಾಗ ಅರೆಯುವುದಿಲ್ಲ. ಗೇರಿನ ಅನುಪಾತ 6.0, ಅಂದರೆ ಹಿಡಿಯ ಒಂದು ಸುತ್ತಿಗೆ ದಾರ ಸುತ್ತುವ ಭಾಗ ಆರು ಸುತ್ತು ತಿರುಗುತ್ತದೆ, ಸುಮಾರು 35 ಇಂಚು ದಾರ ಒಳಬರುತ್ತದೆ. ಮೀನು ನಮ್ಮತ್ತಲೇ ಓಡಿ ಬಂದಾಗ ಸಡಿಲಾದ ದಾರವನ್ನು ಎಳೆದುಕೊಳ್ಳಲು ಈ ವೇಗ ಬೇಕು. ಆದರೆ ಮೀನು ದಾರ ಎಳೆದುಕೊಂಡು ಹೋಗುತ್ತಿರುವಾಗ ಹಿಡಿ ತಿರುಗಿಸಬೇಡಿ. ಈ ಅನುಪಾತದಲ್ಲಿ ಪ್ರತಿ ಸುತ್ತಿಗೂ ದಾರಕ್ಕೆ ಆರು ತಿರುಚು ಬೀಳುತ್ತದೆ. ಸಂಜೆಯ ಹೊತ್ತಿಗೆ ದಾರ ತಾನೇ ತಾನಾಗಿ ಸಿಕ್ಕುಗಟ್ಟುತ್ತದೆ, ಬೈಗುಳ ರೀಲಿಗೆ.

ರೀಲಿನ ತಲೆಗೆ ಕಟ್ಟುವ ದೂರುಗಳು ಇನ್ನೂ ಎರಡಿವೆ. ಬ್ರೇಡ್ ದಾರವನ್ನು ಬರಿಯ ಸ್ಪೂಲಿಗೆ ನೇರವಾಗಿ ಕಟ್ಟಿದರೆ ಅದು ಹಿಡಿತವಿಲ್ಲದೆ ಇಡಿಯಾಗಿ ಜಾರುತ್ತದೆ, ಡ್ರ್ಯಾಗ್ ಕೆಟ್ಟಂತೆ ಕಾಣುತ್ತದೆ. ಅಡಿಯಲ್ಲಿ ಕೆಲವು ಸುತ್ತು ನೈಲಾನ್ ದಾರ ಹಾಕಿ ಅದರ ಮೇಲೆ ಬ್ರೇಡ್ ಸುತ್ತಿದರೆ ತೊಂದರೆ ಮುಗಿಯಿತು. ಇನ್ನೊಂದು, ಎಸೆದ ಮೇಲೆ ಬೇಲ್ ತಂತಿಯನ್ನು (ದಾರವನ್ನು ಸ್ಪೂಲಿಗೆ ಒಯ್ಯುವ ಕಮಾನು ತಂತಿ) ಹಿಡಿ ತಿರುಗಿಸಿ ಮುಚ್ಚುವುದು. ಕೈಯಿಂದಲೇ ಮುಚ್ಚಿ, ದಾರವನ್ನು ಒಮ್ಮೆ ಬೆರಳಿನಿಂದ ಎಳೆದು ಬಿಗಿ ಮಾಡಿ. ಸ್ಪೂಲಿನ ಮೇಲೆ ಸಡಿಲ ಕುಣಿಕೆ ಉಳಿಯುವುದಿಲ್ಲ, ಮುಂದಿನ ಎಸೆತದಲ್ಲಿ ಗಂಟು ಹಾರಿ ಬರುವುದಿಲ್ಲ.

ನಿರ್ವಹಣೆ ಎಂದು ನಾನು ಮಾಡುವುದು ಅಲ್ಪ. ಲೈನ್ ರೋಲರಿಗೆ, ಅಂದರೆ ದಾರ ಹಾದುಹೋಗುವ ಪುಟ್ಟ ಉರುಳೆಗೆ, ಆಗಾಗ ಒಂದು ಹನಿ ಎಣ್ಣೆ. ಇಡೀ ರೀಲಿನಲ್ಲಿ ಅತಿ ಚಿಕ್ಕ, ಅತಿ ಹೆಚ್ಚು ಕೊಳೆ ತಿನ್ನುವ ಭಾಗ ಅದು. ಒದ್ದೆ ಬ್ರೇಡ್ ಹೊತ್ತು ತರುವ ಮಣ್ಣೆಲ್ಲ ಅಲ್ಲಿಯೇ ಸೇರುತ್ತದೆ, ಅದು ತಿರುಗುವುದು ನಿಂತರೆ ದಾರ ಉಜ್ಜಿ ನೂಲು ಏಳುತ್ತದೆ. ಸರೋವರ ಹೆಪ್ಪುಗಟ್ಟಿದ ಮೇಲೆ ರೀಲನ್ನು ಒದ್ದೆಬಟ್ಟೆಯಲ್ಲಿ ಒರೆಸಿ, ಡ್ರ್ಯಾಗನ್ನು ಪೂರ್ತಿ ಸಡಿಲಿಸಿ ಇಡುತ್ತೇನೆ. ಬಿಗಿಯಾಗಿಯೇ ಬಿಟ್ಟರೆ ವಾಷರುಗಳು ಒತ್ತಿಕೊಂಡು ಚಪ್ಪಟೆಯಾಗುತ್ತವೆ. ಬ್ರೇಡ್ ದಾರದ ಮೇಲ್ಭಾಗ ಸವೆದಾಗ ಪೂರ್ತಿ ಬಿಚ್ಚಿ ತಿರುವುಮುರುವು ಸುತ್ತಿದರೆ ಅಡಿಯಲ್ಲಿದ್ದ ಹೊಸ ದಾರ ಮೇಲೆ ಬರುತ್ತದೆ. ದುಡ್ಡು ಉಳಿಯುತ್ತದೆ.

ತೂಕ 225 ಗ್ರಾಂ ಆಸುಪಾಸು. ಏಳು ಅಡಿಯ ಮೀಡಿಯಂ ಕೋಲಿಗೆ ಚೆನ್ನಾಗಿ ಸಮತೂಗುತ್ತದೆ, ಆದರೆ ಇದು ಹಗುರ ರೀಲಲ್ಲ. ದಿನವಿಡೀ ಕೋಲಿನ ತುದಿ ಕುಣಿಸುತ್ತ ಡ್ರಾಪ್ ಶಾಟ್ (ಆಮಿಷದ ಕೆಳಗೆ ತೂಕ ಕಟ್ಟುವ ವಿಧಾನ) ಆಡುವವರು ಅದೇ ಕಂಪನಿಯ ವ್ಯಾನ್‌ಫೋರ್ಡ್ ಹಿಡಿದು ನೋಡಲಿ, ಅದು ಸ್ಪಷ್ಟವಾಗಿ ಹಗುರ, ಬೆಲೆಯೂ ಹೆಚ್ಚು. ನನಗೆ ಸ್ಟ್ರಾಡಿಕ್‌ನ ಲೋಹದ ಮೈಯ ಗಟ್ಟಿತನವೇ ಇಷ್ಟ. ಗಾತ್ರದ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬಬೇಡಿ. ಶಿಮಾನೊದ ಸಿ3000 ಎಂದರೆ 2500ರ ಮೈಗೆ ಹೆಚ್ಚು ದಾರ ಹಿಡಿಯುವ ಸ್ಪೂಲ್, ಅಷ್ಟೇ. ಇನ್ನೊಂದು ರೀಲ್ ಕಂಪನಿ ಡೈವಾ ತನ್ನ ಎಲ್‌ಟಿ ಸಾಲನ್ನು ತಂದಾಗ ಗಾತ್ರಗಳ ಅಳತೆಯನ್ನೇ ಬದಲಿಸಿತು, ಹಾಗಾಗಿ ಎರಡು ಕಂಪನಿಗಳ 2500ಗಳನ್ನು ಪಕ್ಕದಲ್ಲಿಟ್ಟೇ ನೋಡಬೇಕು.

ಮೊದಲ ಬಾರಿಗೆ ಗಾಳ ಹಿಡಿಯುವವರಿಗೆ ನಾನು ಇಷ್ಟು ಖರ್ಚು ಮಾಡಿ ಎನ್ನುವುದಿಲ್ಲ. ಫ್ಲೂಗರ್ ಪ್ರೆಸಿಡೆಂಟ್ ಎಂಬ ಸ್ಪಿನ್ನಿಂಗ್ ರೀಲ್ ಇದರ ಅರ್ಧಕ್ಕಿಂತ ಕಡಿಮೆ ಬೆಲೆಯದು. ಹ್ಯಾರಿಸನ್ ಟೌನ್‌ಶಿಪ್‌ನ ಮೆಟ್ರೋಪಾರ್ಕ್ ದಂಡೆಯಲ್ಲಿ ನಿಂತು ಬೇಸಿಗೆ ಕಳೆಯಲು ಅದು ಧಾರಾಳ ಸಾಕು. ಮಿಷಿಗನ್‌ನಲ್ಲಿ ಹಿಡಿದು ಕೂಡಲೇ ಬಿಟ್ಟುಬಿಡುವುದಾದರೆ ವರ್ಷವಿಡೀ ಬ್ಯಾಸ್‌ಗೆ ಗಾಳ ಹಾಕಬಹುದು. ಈ ಸರೋವರದಿಂದ ಮೀನನ್ನು ಮನೆಗೆ ಒಯ್ಯಲು ಮಾತ್ರ ಜೂನ್ ತಿಂಗಳ ಮೂರನೇ ಶನಿವಾರದವರೆಗೆ ಕಾಯಬೇಕು. ಹೋಗುವ ಮೊದಲು ಲೈಸೆನ್ಸ್ ಮಾಡಿಸಿಕೊಳ್ಳಿ.

ಸ್ಟ್ರಾಡಿಕ್‌ನ ಮುಂದಿನ ಪೀಳಿಗೆ, ಎಫ್‌ಎಂ, 2023ರಲ್ಲಿ ಬಂದಿದೆ. ನನ್ನದು ಇನ್ನೂ ಗಟ್ಟಿಯಾಗಿರುವುದರಿಂದ ಅದರ ಹಂಬಲ ಇಲ್ಲ. ಯಾರಾದರೂ ಹಳೆಯ ಎಫ್‌ಎಲ್ ಮಾರುತ್ತಿದ್ದರೆ ಬೆಲೆ ಕೇಳುವ ಮೊದಲು ಲೈನ್ ರೋಲರನ್ನು ಬೆರಳಿನಿಂದ ತಿರುಗಿಸಿ ನೋಡಿ, ಡ್ರ್ಯಾಗ್ ಸಡಿಲಿಸಿ ಸ್ಪೂಲ್ ಸರಿಸಿ ನೋಡಿ. ಮೈಮೇಲಿನ ಗೀರುಗಳನ್ನು ತೋರಿಸಿ ಬೆಲೆ ಇಳಿಸಲು ಅಡ್ಡಿಯಿಲ್ಲ, ಮೀನು ಹಿಡಿಯುವುದಕ್ಕೆ ಅವುಗಳಿಂದ ಏನೂ ಆಗುವುದಿಲ್ಲ.