ಆಕ್ಸಿಯಮ್-4 ನೇರ ಪ್ರಸಾರ: ಹೊಲಿಗೆ ಮೆಷಿನ್ ಪಕ್ಕ ಕೂತು ನೋಡಿದ್ದು

ಜೂನ್ ಅಂದರೆ ನಮಗೆ ಯೂನಿಫಾರಂ ಸೀಸನ್. ಹಾಸನದ ಪೆನ್ಷನ್ ಮೊಹಲ್ಲಾದಲ್ಲಿ ನನ್ನದೊಂದು ಚಿಕ್ಕ ಟೈಲರಿಂಗ್ ಅಂಗಡಿ, ಎರಡು ಮೆಷಿನ್, ಒಂದು ಓವರ್‌ಲಾಕ್, ಕಾಜಾ ಗುಂಡಿಗೆ ಒಬ್ಬಳು ಹುಡುಗಿ. 2025ರ ಜೂನ್‌ನಲ್ಲಿ ಬಟ್ಟೆಯ ರಾಶಿಯ ಮಧ್ಯೆ ಫೋನನ್ನು ದಾರದ ಡಬ್ಬಕ್ಕೆ ಒರಗಿಸಿ ಇಟ್ಟುಕೊಂಡು ನಮ್ಮ ದೇಶದ ಶುಭಾಂಶು ಶುಕ್ಲಾ ಇನ್ನೂ ಮೂವರ ಜೊತೆ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗುವ ರಾಕೆಟ್ಟಿಗೆ ಕಾದೆ. ಆ ಯಾತ್ರೆಯ ಹೆಸರೇ ಆಕ್ಸಿಯಮ್-4. ಆಕ್ಸಿಯಮ್ ಸ್ಪೇಸ್, ಸ್ಪೇಸ್‌ಎಕ್ಸ್ ಅನ್ನುವ ಅಮೆರಿಕದ ಎರಡು ಖಾಸಗಿ ಕಂಪನಿಗಳು ಸೇರಿ ಮಾಡಿದ ನೇರ ಪ್ರಸಾರ ಅದು, ನಾಸಾದವರೂ ತೋರಿಸಿದರು. ಯೂಟ್ಯೂಬಿನಲ್ಲಿ ಪುಕ್ಕಟೆ. ನನ್ನ ಹಾಗೆ ಕೆಲಸ ಮಾಡುತ್ತಾ ನೋಡುವವರಿಗೆ ಅದು ಹೇಗಿತ್ತು ಅಂತ ಬರೆಯಬೇಕು ಅನ್ನಿಸಿತು.

1984ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮ ಬಾಹ್ಯಾಕಾಶಕ್ಕೆ ಹೋದಾಗ ನಾನು ಐದನೇ ಕ್ಲಾಸು. ಅಪ್ಪನ ರೇಡಿಯೋದಲ್ಲಿ ವಾರ್ತೆ ಕೇಳಿದ್ದಷ್ಟೇ. ಈ ಸಲ ಕಣ್ಣಾರೆ ನೋಡಲೇಬೇಕು ಅಂತ ಹಟ ಇತ್ತು.

ಮೊದಲು ಮೇ 29 ಅಂದಿದ್ದರು. ಆಮೇಲೆ ಜೂನ್ 8, ಆಮೇಲೆ 10. ಹತ್ತನೇ ತಾರೀಕು ಸಂಜೆ 5 ಗಂಟೆ 52 ನಿಮಿಷಕ್ಕೆ ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಚಾಕ್ ಪೆನ್ಸಿಲ್‌ನಲ್ಲಿ ಬರೆದಿಟ್ಟೆ. ಹವಾಮಾನ ಸರಿಯಿಲ್ಲ ಅಂತ ಮರುದಿನಕ್ಕೆ ಹೋಯಿತು, 5:30ಕ್ಕೆ. ಕೊನೆಗೆ ಹಾರಿದ್ದು 25ರ ಮಧ್ಯಾಹ್ನ 12 ಗಂಟೆ 1 ನಿಮಿಷಕ್ಕೆ. ಸಂಜೆ ಇದ್ದದ್ದು ಮಧ್ಯಾಹ್ನ ಯಾಕಾಯಿತು ಅಂತ ನನಗೆ ತಿಳಿಯಲಿಲ್ಲ. ಸೆಕೆಂಡ್ ಪಿಯುಸಿ ಸೈನ್ಸ್ ಓದುವ ತಂಗಿ ಮಗಳನ್ನು ಕೇಳಿದೆ. "ದೊಡ್ಡಮ್ಮ, ಸ್ಪೇಸ್ ಸ್ಟೇಷನ್ ಸುತ್ತುತ್ತಲ್ಲ, ಆ ದಾರಿಯ ಕೆಳಗೆ ಫ್ಲಾರಿಡಾ ಬಂದ ಕ್ಷಣಕ್ಕೇ ರಾಕೆಟ್ ಏಳಬೇಕು. ಆ ದಾರಿನೂ ದಿನಾ ಸ್ವಲ್ಪ ಸ್ವಲ್ಪ ತಿರುಗ್ತಾ ಇರುತ್ತೆ, ಅದಕ್ಕೇ ದಿನಕ್ಕೆ ಇಪ್ಪತ್ತು ಇಪ್ಪತ್ತೈದು ನಿಮಿಷ ಮುಂಚೆ ಆಗ್ತಾ ಹೋಗುತ್ತೆ" ಅಂದಳು. ಲೆಕ್ಕ ಹಾಕಿ ನೋಡಿದೆ. ಹನ್ನೊಂದರಿಂದ ಇಪ್ಪತ್ತೈದಕ್ಕೆ ಹದಿನಾಲ್ಕು ದಿನ, ಐದೂವರೆ ಗಂಟೆ ಹಿಂದೆ ಬಂದಿದೆ, ತಾಳೆಯಾಯಿತು! ಮಳೆ ಬಂತು, ಹತ್ತು ನಿಮಿಷ ನಿಂತು ಹಾರಿಸೋಣ ಅನ್ನುವ ಹಾಗಿಲ್ಲ. ಆ ಕ್ಷಣ ತಪ್ಪಿದರೆ ಅವತ್ತಿಗೆ ಮುಗಿಯಿತು.

ಹನ್ನೊಂದನೇ ತಾರೀಕಿನ ಕಥೆ ಬೇರೆ. ಬೆಳಿಗ್ಗೆ ಎದ್ದು ಫೋನ್ ತೆಗೆದರೆ ಮತ್ತೆ ಮುಂದಕ್ಕೆ. ಲಾಂಚ್ ಪ್ಯಾಡಿನ ಮೇಲೇ ಏಳು ಸೆಕೆಂಡು ಎಂಜಿನ್ ಉರಿಸಿ ಪರೀಕ್ಷೆ ಮಾಡಿದ್ದರಂತೆ. ಆಮೇಲೆ ತಪಾಸಣೆ ಮಾಡುವಾಗ ದ್ರವ ಆಮ್ಲಜನಕ ಸೋರುತ್ತಿರುವುದು ಕಂಡಿದೆ. ಸೊನ್ನೆಗಿಂತ 183 ಡಿಗ್ರಿ ಕೆಳಗಿನ ತಣ್ಣನೆಯ ದ್ರವ ಅದು, ಉರಿಯುವುದಕ್ಕೆ ಬೇಕಾದ ವಸ್ತು, ಎಂಜಿನ್ ಇರುವ ಜಾಗದಲ್ಲೇ ಸೋರಿಕೆ. ಇಸ್ರೊ ಅಧ್ಯಕ್ಷ ವಿ. ನಾರಾಯಣನ್ ಅಲ್ಲೇ ಇದ್ದರು. ಸೋರಿಕೆ ಸರಿಪಡಿಸಿ, ಮತ್ತೆ ಪರೀಕ್ಷೆ ಮಾಡಿದ ಮೇಲೇ ಒಪ್ಪಿಗೆ ಅಂತ ಇಸ್ರೊ ಹೇಳಿತು. ಅಂಗಡಿಗೆ ಬಂದವರೊಬ್ಬರು "ನಿಮ್ಮ ರಾಕೆಟ್ ಹಾರೋದೇ ಇಲ್ಲ ಬಿಡಿ ಅಕ್ಕ" ಅಂದರು. ನನಗೆ ಸಿಟ್ಟು ಬಂತು. ಆ ಹೊತ್ತಿಗೆ ನಾನು ಒಂದು ಮಗುವಿನ ಸ್ಕರ್ಟಿನ ಪಟ್ಟಿ ಪೂರ್ತಿ ಬಿಚ್ಚುತ್ತಾ ಕೂತಿದ್ದೆ, ಕೆಳಗಿನ ದಾರ ಸಡಿಲ ಬಿದ್ದು ಹೊಲಿಗೆ ನಿಂತಿರಲಿಲ್ಲ. ಬಿಚ್ಚದೆ ಕೊಟ್ಟರೆ ಆ ಮಗು ಸ್ಕೂಲಿನಲ್ಲಿ ಅಳಬೇಕು. ಆ ರಾಕೆಟ್ಟಿನ ಮೇಲೆ ಕೂರುವವರು ನಾಲ್ಕು ಜನ.

ಅದು ಸರಿಯಾಯಿತು ಅನ್ನುವಷ್ಟರಲ್ಲಿ ಬಾಹ್ಯಾಕಾಶ ನಿಲ್ದಾಣದ್ದೇ ತೊಂದರೆ. ರಷ್ಯಾದ ಜ್ವೆಜ್ದಾ ಭಾಗದ ಹಿಂಬದಿಯಲ್ಲಿ ಗಾಳಿ ಸೋರುತ್ತಿತ್ತು, ರಿಪೇರಿ ಆದ ಮೇಲೆ ಒತ್ತಡ ಹೇಗಿದೆ ಅಂತ ನಾಸಾದವರು ನೋಡಬೇಕಿತ್ತು. 19 ಅಂದರು, 22 ಅಂದರು. ಆ ನಾಲ್ವರೂ ಸುಮಾರು ಒಂದು ತಿಂಗಳು ಕ್ವಾರಂಟೈನ್‌ನಲ್ಲೇ ಇದ್ದರು.

ಇಲ್ಲಿ ಪ್ರಸಾರದವರ ಮೇಲೆ ನನ್ನ ಮೊದಲ ದೂರು. ಮುಂದಕ್ಕೆ ಹೋಯಿತು ಅನ್ನುವುದನ್ನು ಎರಡು ಸಾಲಿನ ಇಂಗ್ಲಿಷಿನಲ್ಲಿ ಹೇಳಿ ಸುಮ್ಮನಾಗುತ್ತಾರೆ. ಯಾಕೆ, ಎಲ್ಲಿ, ಈಗ ಏನು ಮಾಡುತ್ತಿದ್ದಾರೆ ಅಂತ ತಿಳಿಯಬೇಕಾದರೆ ನಾಲ್ಕು ಕಡೆ ಹುಡುಕಬೇಕು. ಹಾರುವ ದಿನ ಎರಡು ಗಂಟೆ ಮಾತಾಡುವವರು ಹಾರದ ದಿನ ಹತ್ತು ನಿಮಿಷ ಕ್ಯಾಮೆರಾ ಮುಂದೆ ಕೂತು ಆ ಪೈಪು, ಆ ಜಾಯಿಂಟು ತೋರಿಸಿ ವಿವರಿಸಿದ್ದರೆ ಜನ ಆಡಿಕೊಳ್ಳುತ್ತಿರಲಿಲ್ಲ.

ಆದರೆ 25ನೇ ತಾರೀಕು ಅವರು ತೋರಿಸಿದ ರೀತಿಗೆ ಕೈ ಮುಗಿಯಬೇಕು. ಹೊರಗೆ ಜಡಿಮಳೆ, ಅಂಗಡಿಯಲ್ಲಿ ಕರೆಂಟಿಲ್ಲ, ಮೆಷಿನ್ ನಿಂತಿತ್ತು. ನಾನೂ ಹುಡುಗಿಯೂ ಫೋನಿಗೇ ಕಣ್ಣು ನೆಟ್ಟು ಕೂತೆವು. ನನಗೆ ಕಂಡಿದ್ದು ಮೊದಲು ಆ ಬಿಳಿ ಸೂಟು. ಒಬ್ಬೊಬ್ಬರ ಅಳತೆಗೂ ಬೇರೆ ಬೇರೆ ಹೊಲಿದದ್ದು ಅದು. ತೊಡೆಯ ಹತ್ತಿರ ಒಂದೇ ಒಂದು ಕನೆಕ್ಷನ್, ಗಾಳಿ, ತಂಪು, ಮಾತು ಎಲ್ಲ ಅಲ್ಲಿಂದಲೇ. ಸೀಟಿನಲ್ಲಿ ಕೂತ ಮೇಲೆ ಸೂಟಿಗೆ ಗಾಳಿ ತುಂಬಿಸಿ ಎಲ್ಲಾದರೂ ಸೋರುತ್ತದಾ ಅಂತ ಪರೀಕ್ಷೆ ಮಾಡುತ್ತಾರೆ. ಭುಜದ ಮೇಲೆ, ಮೊಣಕೈ ಮಡಚುವ ಕಡೆ ಹೊಲಿಗೆ ಹೇಗೆ ತಿರುಗಿಸಿದ್ದಾರೆ ಅಂತ ಕಣ್ಣು ಕಿರಿದು ಮಾಡಿ ನೋಡಿದೆ. ಕೂತಾಗ ಎಲ್ಲೂ ಸುಕ್ಕು ಹಿಡಿಯದ ಹಾಗೆ ಕತ್ತರಿಸಿದ್ದಾರೆ, ಅದು ಸುಲಭದ ಕೆಲಸವಲ್ಲ.

ಹಾರುವುದಕ್ಕೆ ಮುಕ್ಕಾಲು ಗಂಟೆಯಷ್ಟು ಮೊದಲು ಸೇತುವೆಯಂಥ ತೋಳು ಹಿಂದಕ್ಕೆ ಸರಿಯಿತು. 35 ನಿಮಿಷ ಇರುವಾಗ ಇಂಧನ ತುಂಬಲು ಶುರು. ಮುಖ್ಯವಾದ ಹೊತ್ತಿಗೆ ನಿರೂಪಕರು ಮಾತು ನಿಲ್ಲಿಸಿ ಕಂಟ್ರೋಲ್ ರೂಮಿನ ಧ್ವನಿಯನ್ನೇ ಕೇಳಿಸುತ್ತಾರೆ. ಇದು ನನಗೆ ಬಹಳ ಹಿಡಿಸಿತು. ಪಕ್ಕದ ಅಂಗಡಿಯಲ್ಲಿ ಯುಪಿಎಸ್ ಮೇಲೆ ಟಿವಿ ಇತ್ತು. ಅಲ್ಲಿನ ಸುದ್ದಿ ವಾಹಿನಿಯಲ್ಲಿ ನಾಲ್ಕು ಜನ ಒಟ್ಟಿಗೆ ಕೂಗುತ್ತಿದ್ದರು, ರಾಕೆಟ್ ಏರುತ್ತಿರುವಾಗಲೇ ಜಾಹೀರಾತು ಬಂತು. ಇಲ್ಲಿ ಎಂಜಿನ್ ಹತ್ತಿದ ಸದ್ದು, ವೇಗ, ಎತ್ತರ, ಅಷ್ಟೇ. ಎರಡೂವರೆ ನಿಮಿಷಕ್ಕೆ ಕೆಳಗಿನ ಹಂತ ಕಳಚಿತು, ಎಂಟು ನಿಮಿಷದೊಳಗೆ ಅದೇ ಹಂತ ವಾಪಸು ಬಂದು ನೆಲದ ಮೇಲೆ ನಿಂತಿತು. ನಮ್ಮ ಹುಡುಗಿ ಸೂಜಿ ಹಿಡಿದ ಕೈ ಹಾಗೇ ಮೇಲೆತ್ತಿಕೊಂಡಿದ್ದಳು.

ಸ್ವಲ್ಪ ಹೊತ್ತಿಗೆ ಶುಕ್ಲಾ ಹಿಂದಿಯಲ್ಲಿ ಮಾತಾಡಿದರು, 41 ವರ್ಷ ಆದ ಮೇಲೆ ಮತ್ತೆ ಬಂದೆವು, ಹೆಗಲ ಮೇಲೆ ತ್ರಿವರ್ಣ ಇದೆ ಅಂತ. ನನಗೆ ಗಂಟಲು ಕಟ್ಟಿತು. ಕ್ಯಾಪ್ಸೂಲಿನೊಳಗೆ ಒಂದು ಬಟ್ಟೆಯ ಹಂಸ ತೇಲುತ್ತಿತ್ತು, ಜಾಯ್ ಅಂತ ಹೆಸರು. ತೂಕ ಇಲ್ಲದ ಜಾಗಕ್ಕೆ ಬಂದೆವು ಅಂತ ಗೊತ್ತಾಗಲಿಕ್ಕೆ ಇಂಥದ್ದೊಂದು ಗೊಂಬೆ ಒಯ್ಯುತ್ತಾರೆ. ಮರುದಿನ ಶುಕ್ಲಾ ಅದರ ಬಗ್ಗೆ ಮಾತಾಡಿ, ನಮ್ಮಲ್ಲಿ ಹಂಸ ಅಂದರೆ ವಿವೇಕ ಅಂದರು. ಹಾಲು ನೀರು ಬೇರೆ ಮಾಡುವ, ಸರಸ್ವತಿಯ ಹಂಸ.

ನೋಡುವವರಿಗೆ ಒಂದೆರಡು ಮಾತು. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇದ್ದರೆ ಕ್ವಾಲಿಟಿ 480ಕ್ಕೆ ಇಳಿಸಿ, ಚಿತ್ರ ಚೆನ್ನಾಗಿಯೇ ಕಾಣುತ್ತದೆ. ಪಕ್ಕದ ಚಾಟ್ ಮುಚ್ಚಿಬಿಡಿ. ಫೋನಿನಲ್ಲಿ ಟಿವಿಗಿಂತ ಅರ್ಧ ನಿಮಿಷ ತಡವಾಗಿ ಬರುತ್ತದೆ, ಪಕ್ಕದ ಅಂಗಡಿಯವರು ಚಪ್ಪಾಳೆ ಹೊಡೆದ ಮೇಲೇ ನನ್ನ ಫೋನಿನಲ್ಲಿ ಬೆಂಕಿ ಕಂಡಿತು. ಮನೆಗೆ ಹಾಕಿಸಿದ ಇಂಟರ್ನೆಟ್ ಮರುದಿನ ಕೈಕೊಟ್ಟಿತು. ನಿಲ್ದಾಣಕ್ಕೆ ಜೋಡಣೆ ಆದ ಸಂಜೆ ನಾಲ್ಕರ ಹೊತ್ತಿಗೆ ತಂಗಿ ಮಗಳ ಫೋನಿನ ಹಾಟ್‌ಸ್ಪಾಟೇ ಗತಿ. ಜುಲೈ 15ರಂದು ಸಮುದ್ರಕ್ಕೆ ಇಳಿದದ್ದನ್ನೂ ನೋಡಿದೆ. ಅಲ್ಲಿ ಕತ್ತಲೆ, ಆದರೂ ನಾಲ್ಕು ಪ್ಯಾರಾಚೂಟು ಬಿಚ್ಚಿದ್ದು ಕಂಡಿತು.

ಒಟ್ಟಾರೆ ಐದಕ್ಕೆ ನಾಲ್ಕು ಕೊಡುತ್ತೇನೆ. ಉಳಿದ ಒಂದು ಭಾಷೆಗೆ. ಅದು ಅವರ ತಪ್ಪಲ್ಲ, ಅವರು ಅವರ ಭಾಷೆಯಲ್ಲಿ ಹೇಳಿದರು. ಮುಂದೆ ನಮ್ಮ ಗಗನಯಾನ ಶ್ರೀಹರಿಕೋಟಾದಿಂದ ಜನರನ್ನು ಕರೆದುಕೊಂಡು ಹೋಗುವಾಗಲೂ ದಿನ ಮುಂದಕ್ಕೆ ಹೋಗಬಹುದು, ಸೋರಿಕೆ ಕಾಣಬಹುದು. ಅವತ್ತು ಕನ್ನಡದಲ್ಲಿ ಒಬ್ಬರು ಸಮಾಧಾನವಾಗಿ ಕೂತು, ಯಾಕೆ ನಿಂತಿದೆ ಅಂತ ಹೇಳಬೇಕು. ನಮ್ಮೂರ ಸಾಲಗಾಮೆ ರಸ್ತೆಯಲ್ಲಿ 1982ರಿಂದ ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆ, ಹಗಲು ರಾತ್ರಿ ಉಪಗ್ರಹ ನೋಡಿಕೊಳ್ಳುವವರು ಇದೇ ಊರಿನ ಮಾರ್ಕೆಟ್ಟಿನಲ್ಲಿ ನಮ್ಮ ಜೊತೆ ತರಕಾರಿ ತರುತ್ತಾರೆ, ಅವರ ಮಕ್ಕಳ ಯೂನಿಫಾರಂ ನಾನೇ ಹೊಲಿದಿದ್ದೇನೆ. ಅಂಥವರೊಬ್ಬರನ್ನು ಮೈಕ್ ಮುಂದೆ ಕೂರಿಸಿ.